ಇಳಿಯದ ಗೆರೆ

ಎರಡು ಗಂಟೆ ಹೊತ್ತು ಕಪ್ಪು ಪರದೆಯ ಮೇಲಿನ ಒಂದು ಬಿಳಿ ಚುಕ್ಕೆಯನ್ನೇ ನೋಡುತ್ತ ಕೂತಿದ್ದ ಹುಲಿಗೆಮ್ಮನಿಗೆ, ಯಾರೋ ಬಂದು ತಲೆಯ ಮೇಲಿದ್ದ ಟೋಪಿಯನ್ನು ಮೆಲ್ಲಗೆ ಅಲ್ಲಾಡಿಸಿದಾಗಲೇ ಅಷ್ಟು ಹೊತ್ತು ಕಳೆದದ್ದು ತಿಳಿಯಿತು. ಟೋಪಿಯಿಂದ ಹೊರಟ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದವಳು ಬಲಮಾಪನ ಕೇಂದ್ರದ ತಂತ್ರಜ್ಞೆ ಖಾಜಾಬನಿ.

“ಯಂತ್ರ ನಿಂತ್ಬಿಟ್ಟೈತೇನೋ ಅನ್ಕೊಂಡೆ,” ಅಂದಳು ಖಾಜಾಬನಿ. “ನಿಂತಿಲ್ಲ. ನಿಮಗ ಬ್ಯಾಸರ ಆಗಿಲ್ಲೇನು?”

“ಇಲ್ರಿ. ಇನ್ನೂ ಐತೇನು?”

ಪರೀಕ್ಷೆ ಬಹಳ ಸರಳವಾಗಿತ್ತು. ಚುಕ್ಕೆ ಸುಮ್ಮನೆ ನಿಂತಿರುತ್ತದೆ. ಯಾವಾಗಲೋ ಒಮ್ಮೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಸರಿದಾಗ ಬಲಗೈ ಹತ್ತಿರದ ಗುಂಡಿ ಒತ್ತಬೇಕು. ಖಾಜಾಬನಿ ತನ್ನ ಮೇಜಿನ ಮೇಲಿನ ಪರದೆಯನ್ನು ಹುಲಿಗೆಮ್ಮನ ಕಡೆ ತಿರುಗಿಸಿದಳು. ಅದರಲ್ಲಿ ಸುಮಾರು ಗೆರೆಗಳಿದ್ದವು. ಎಲ್ಲವೂ ಎತ್ತರದಲ್ಲಿ ಶುರುವಾಗಿ, ಇಪ್ಪತ್ತು ನಿಮಿಷದ ಗುರುತು ದಾಟಿದ ಮೇಲೆ ಗುಡ್ಡ ಇಳಿದ ಹಾಗೆ ಇಳಿದುಹೋಗಿದ್ದವು. ಒಂದು ಗೆರೆ ಮಾತ್ರ ಈ ಅಂಚಿನಿಂದ ಆ ಅಂಚಿನವರೆಗೆ ನೆಟ್ಟಗೆ ಹೋಗಿತ್ತು.

“ಇವೆಲ್ಲ ಬ್ಯಾರೆಯವರದು. ಇದು ನಿಮ್ದು. ಆರು ವರ್ಷದಾಗ ಹನ್ನೊಂದು ಸಾವಿರ ಮಂದಿಗೆ ಈ ಟೋಪಿ ಹಾಕೀನಿ. ಇಂಥಾ ಗೆರಿ ನೋಡಿದ್ದಿಲ್ಲ.”

ಹುಲಿಗೆಮ್ಮ ಗೆರೆಯನ್ನು ನೋಡಿದಳು. ಅವಳಿಗೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಕಾಣಲಿಲ್ಲ. “ಇದರಿಂದ ಏನ್ ಉಪಯೋಗ್ರಿ?” ಎಂದು ಕೇಳಿದಳು.

ಆ ಹೊತ್ತಿಗೆ ತಾಲ್ಲೂಕಿಗೊಂದು ಬಲಮಾಪನ ಕೇಂದ್ರ ಬಂದು ಹತ್ತು ವರ್ಷವಾಗಿತ್ತು. ಹುಟ್ಟಿನಿಂದ ಬಂದ ಅರವತ್ತನಾಲ್ಕು ಬಗೆಯ ಸಾಮರ್ಥ್ಯಗಳನ್ನು ಆ ಟೋಪಿ ಅಳೆಯುತ್ತಿತ್ತು. ಮಿದುಳಿನ ಯಾವ ಭಾಗ ಯಾವ ಕೆಲಸಕ್ಕೆ ಎಷ್ಟು ಸಲೀಸಾಗಿ ಓಗೊಡುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ ಎಂಬ ಲೆಕ್ಕ ಅದು. ಕೊನೆಗೆ ಒಂದು ಹಾಳೆ ಬರುತ್ತಿತ್ತು. ಹಾಳೆಯ ಮೇಲೆ ಒಂದೇ ಸಾಲು: ಆ ಮನುಷ್ಯನ ಪ್ರಧಾನ ಬಲ. ಮೊದಮೊದಲು ಅರವತ್ತನಾಲ್ಕನ್ನೂ ಹೆಚ್ಚಿನದರಿಂದ ಕಡಿಮೆಯದಕ್ಕೆ ಸಾಲಾಗಿ ಅಚ್ಚು ಹಾಕಿ ಕೊಡುತ್ತಿದ್ದರಂತೆ. ಹೆಣ್ಣು ನೋಡಲು ಬಂದವರು ಹಾಳೆಯನ್ನು ಕೆಳಗಿನಿಂದ ಓದತೊಡಗಿದ ಮೇಲೆ ಆ ಪದ್ಧತಿ ನಿಂತಿತು. ಬಲವನ್ನಷ್ಟೇ ತೋರಿಸಬೇಕು, ಕೊರತೆಯನ್ನು ತೋರಿಸಬಾರದು ಎಂಬ ನಿಯಮ ಬಂತು. ಒಳ್ಳೆಯ ನಿಯಮ ಎಂದೇ ಎಲ್ಲರೂ ಅಂದುಕೊಂಡರು.

ಹುಲಿಗೆಮ್ಮ ತಾನಾಗಿ ಬಂದವಳಲ್ಲ. ಅವಳಿಗೆ ಮೂವತ್ತಾರು ವರ್ಷ. ಹೊಸಪೇಟೆಯ ಮೂರು ಸಿದ್ಧ ಉಡುಪಿನ ಕಾರ್ಖಾನೆಗಳು ಅವಳನ್ನು ಕೆಲಸದಿಂದ ತೆಗೆದಿದ್ದವು. ಕಾಲರ್ ಹೊಲಿಯಲು ಕೂತರೆ ಅವಳ ಕಾಲರ್‌ನಷ್ಟು ಅಚ್ಚುಕಟ್ಟಾದದ್ದು ಇಡೀ ಸಾಲಿನಲ್ಲಿ ಸಿಗುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಬಟ್ಟೆಯ ರಾಶಿ ಬೆಳೆದದ್ದು, ಮೇಲ್ವಿಚಾರಕ ಕೂಗಿದ್ದು, ಊಟದ ಗಂಟೆ ಹೊಡೆದದ್ದು ಯಾವುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಗಂಡನ ಮನೆಯಲ್ಲಿ ಅವಳಿಗೆ ‘ಕಂಬ’ ಎಂಬ ಹೆಸರು ಬಿದ್ದಿತ್ತು. “ಕಂಬಕ್ಕ ಹೇಳಿದಂಗ ಆತು,” ಎನ್ನುತ್ತಿದ್ದಳು ಅತ್ತೆ. ಗಂಡ ಪಂಪಾಪತಿ ಸರಕಿನ ಆಟೋ ಓಡಿಸುತ್ತಿದ್ದ. ಕೈಗಿಂತ ಬಾಯಿ ಚುರುಕು, ಬಾಯಿಗಿಂತ ಕಣ್ಣು ಚುರುಕು. ಅವನು ಹೆಂಡತಿಯನ್ನು ಬೈಯುತ್ತಿರಲಿಲ್ಲ, ಆದರೆ ಒಂದು ಮಾತು ಹೇಳುವುದಿದ್ದರೆ ಭುಜ ಮುಟ್ಟಿಯೇ ಹೇಳುತ್ತಿದ್ದ.

ಮಗಳು ತುಂಗಾ ಎರಡೂವರೆ ವರ್ಷದವಳಿದ್ದಾಗ ಹುಲಿಗೆಮ್ಮ ಹಿತ್ತಲ ಬಾಗಿಲಲ್ಲಿ ಕೂತು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳ ಬೆನ್ನ ಹಿಂದೆ ಐದು ಹೆಜ್ಜೆ ದೂರದಲ್ಲಿ ಮಗು ಸ್ನಾನದ ಬಿಸಿನೀರಿನ ಹಂಡೆ ಎಳೆದುಕೊಂಡಿತು. ಕೂಗಿದ್ದು ಬೀದಿಗೆಲ್ಲ ಕೇಳಿ ಪಕ್ಕದ ಮನೆಯವರು ಓಡಿಬಂದರು. ಹುಲಿಗೆಮ್ಮನಿಗೆ ಕೇಳಿಸಿದ್ದು ಅವರು ಒಳಗೆ ಕಾಲಿಟ್ಟ ಮೇಲೆ. ಮಗುವಿನ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಯಾರು ಕೇಳಿದರೂ ಅವಳು ‘ನಾನು ಕಟ್ಟಿಗೆ ತರಾಕ ಹೋಗಿದ್ದೆ’ ಎಂದೇ ಹೇಳಿದಳು. ಅಲ್ಲೇ ಇದ್ದೂ ಕೇಳಿಸಲಿಲ್ಲ ಎಂದರೆ ಯಾವ ತಾಯಿಯನ್ನು ಯಾರು ನಂಬುತ್ತಾರೆ? ಅವಳಿಗೇ ನಂಬಿಕೆ ಬಂದಿರಲಿಲ್ಲ.

ಕೆಲಸ ಕಳೆದುಕೊಂಡವರಿಗೆ ಬೇರೆ ಕೆಲಸ ಬೇಕಾದರೆ ಬಲಮಾಪನ ಕಡ್ಡಾಯವಾಗಿತ್ತು. ಹಾಗಾಗಿ ಬಂದಿದ್ದಳು. ಖಾಜಾಬನಿ ಕೊಟ್ಟ ಹಾಳೆಯ ಮೇಲೆ ‘ಎಚ್ಚರದ ಸ್ಥಿರತೆ’ ಎಂದು ಬರೆದಿತ್ತು. ಹದಿನೈದು ದಿನದೊಳಗೆ ಜೋಗಿಗುಡ್ಡದ ಒಡ್ಡುಗಾವಲು ಕೇಂದ್ರದಿಂದ ಅವಳಿಗೆ ಕರೆ ಬಂತು.

ಜೋಗಿಗುಡ್ಡದ ಸಾಲಿನಲ್ಲಿ ಕಬ್ಬಿಣದ ಅದಿರು ತೊಳೆದು ಉಳಿದ ಕೆಸರನ್ನು ಮಣ್ಣಿನ ಒಡ್ಡುಗಳ ಹಿಂದೆ ನಿಲ್ಲಿಸಿದ್ದರು. ಅಂಥ ಒಡ್ಡುಗಳು ಒಂಬತ್ತಿದ್ದವು. ಒಂದೊಂದರ ಕೆಳಗೂ ಹೊಲ, ತಾಂಡಾ, ಊರು. ಪ್ರತಿ ಒಡ್ಡಿನ ಮೈಮೇಲೆ ನಾನೂರು ಗಾಜಿನ ಗೂಟಗಳನ್ನು ನೆಟ್ಟಿದ್ದರು. ಎದುರಿನ ಗುಡ್ಡದಿಂದ ಬರುವ ಬೆಳಕಿನ ಕಿರಣವೊಂದು ಆ ಗೂಟಗಳನ್ನು ಕ್ಷಣಕ್ಕೊಮ್ಮೆ ಸವರಿ ಹೋಗುತ್ತಿತ್ತು. ಗೂಟ ಎಲ್ಲಿದೆಯೋ ಅಲ್ಲಿ ಪರದೆಯ ಮೇಲೆ ಒಂದು ಚುಕ್ಕೆ. ಗೂಟ ಬೆರಳಗಲ ಸರಿದರೆ ಕಂಪ್ಯೂಟರ್ ತಾನೇ ಕೂಗುತ್ತಿತ್ತು. ಅದಕ್ಕಿಂತ ಚಿಕ್ಕ ಚಲನೆಯನ್ನು ಬಿಸಿಲಿಗೆ ಮಣ್ಣು ಹಿಗ್ಗಿದ್ದು ಎಂದು ತಳ್ಳಿಹಾಕುವುದನ್ನು ಅದಕ್ಕೆ ಕಲಿಸಿದ್ದರು. ಏಳು ವರ್ಷದ ಹಿಂದೆ ಬೇರೆಲ್ಲೋ ಒಂದು ಗಣಿಯಲ್ಲಿ ನಾನೂರು ಚುಕ್ಕೆಗಳೂ ಬಿಸಿಲಿಗೆ ಹಿಗ್ಗಿದ ಲೆಕ್ಕದಲ್ಲೇ ದಿನದಿನವೂ ಸರಿಯುತ್ತ ಹೋದವು. ಒಡ್ಡು ಒಡೆಯುವವರೆಗೂ ಕಂಪ್ಯೂಟರ್ ಸುಮ್ಮನಿತ್ತು. ಅಂದಿನಿಂದ ಒಡ್ಡಿಗೊಬ್ಬ ಮನುಷ್ಯ ಕಣ್ಣಿಟ್ಟು ಕೂರಲೇಬೇಕೆಂಬ ಕಾನೂನಾಯಿತು.

ಕಾನೂನು ಬಂದರೂ ಮನುಷ್ಯರು ಮನುಷ್ಯರೇ. ಕಣ್ಣು ತೆರೆದೇ ಇರುತ್ತಿತ್ತು, ಮನಸ್ಸು ಮನೆಗೆ ಹೋಗಿರುತ್ತಿತ್ತು. ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಹುಲಿಗೆಮ್ಮ ಬಂದ ಮೇಲೆ ನಾಲ್ಕನೆಯ ಒಡ್ಡಿಗೆ ಅವಳೊಬ್ಬಳೇ ಸಾಕಾದಳು. ಎರಡು ಗಂಟೆ ಕಾವಲು, ಬದಲಿಯವರಿಗೆ ಬಿಟ್ಟು ಅರ್ಧ ಗಂಟೆ ಬಿಡುವು, ಮತ್ತೆ ಎರಡು ಗಂಟೆ. ಗಾಜಿನ ಬಾಗಿಲಿನ ಪುಟ್ಟ ಕೋಣೆ, ಒಂದು ಕುರ್ಚಿ, ಒಂದು ಪರದೆ. ಕಾವಲಿನ ಹೊತ್ತಿನಲ್ಲಿ ಒಳಗಿದ್ದವರನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಹೊರಗಿನ ಫೋನುಗಳನ್ನೆಲ್ಲ ಕೊಟ್ರೇಶ ಎಂಬ ಐವತ್ತರ ಹತ್ತಿರದ ಮನುಷ್ಯ ನೋಡಿಕೊಳ್ಳುತ್ತಿದ್ದ. ಒಂದು ಕಿವಿಗೆ ಒಂದು ಫೋನು, ಇನ್ನೊಂದಕ್ಕೆ ಇನ್ನೊಂದು, ನಡುವೆ ಟೀ ತಂದವನ ಜೊತೆ ಮಾತು. ಅವನನ್ನು ನೋಡಿದರೇ ಹುಲಿಗೆಮ್ಮನಿಗೆ ಆಯಾಸವಾಗುತ್ತಿತ್ತು.

ಒಳಗೆ ಕೂತಾಗ ಮಾತ್ರ ಅವಳಿಗೆ ಹುಟ್ಟಿದಾಗಿನಿಂದ ಸಿಗದಿದ್ದ ಒಂದು ಸುಖ ಸಿಕ್ಕಿತು. ಅಲ್ಲಿ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಕರೆದರೂ ಕೇಳಿಸಲಿಲ್ಲವಲ್ಲ ಎಂಬ ಅಂಜಿಕೆ ಇರಲಿಲ್ಲ. ನಾನೂರು ಚುಕ್ಕೆಗಳು ಮುಂಜಾನೆ ಬಿಸಿಲೇರಿದಂತೆ ಎಲ್ಲ ಒಟ್ಟಿಗೆ ಉಸಿರೆಳೆದುಕೊಂಡಂತೆ ಹೊರಗೆ ಬರುತ್ತಿದ್ದವು, ಸಂಜೆ ಒಟ್ಟಿಗೆ ಒಳಗೆ ಹೋಗುತ್ತಿದ್ದವು. ಒಂದು ವಾರದಲ್ಲಿ ಅವಳಿಗೆ ಆ ಒಡ್ಡು ಮೈದಡವಿ ನೋಡಿದ ಎಮ್ಮೆಯಷ್ಟು ಪರಿಚಯವಾಯಿತು.

ಮೂರನೆಯ ತಿಂಗಳಲ್ಲಿ ಒಂದು ದಿನ ಬಿಡುವಿನ ಹೊತ್ತಿಗೆ ಹೊರಗೆ ಬಂದವಳು ಕೊಟ್ರೇಶನಿಗೆ, “ಕೆಳಗಿನ ಸಾಲಿನಾಗ ಎಡಕ್ಕ ಹನ್ನೆರಡು ಚುಕ್ಕಿ ಅದಾವಲ್ಲ, ಮುಂಜಾನಿ ಹೋದದ್ದು ಸಂಜಿಕ ಪೂರಾ ವಾಪಸ್ ಬರಾಕತ್ತಿಲ್ಲ,” ಅಂದಳು.

“ಎಷ್ಟು ಕಡಿಮಿ?”

“ಅದು ಅಳಿಯಾಕ ಬರಂಗಿಲ್ಲ. ಖರೇ ಮಾತಂದ್ರ ಕಾಣಂಗೂ ಇಲ್ಲ. ಆದರೂ ಬರಾಕತ್ತಿಲ್ಲ.”

ಕೊಟ್ರೇಶ ನಗಲಿಲ್ಲ. ಕೇಂದ್ರದ ಅಧಿಕಾರಿ ಚಿತ್ರಶೇಖರನಿಗೆ ಫೋನು ಮಾಡಿದ. ಹಳೆಯ ದಾಖಲೆಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ ಇಪ್ಪತ್ತಾರು ದಿನದಲ್ಲಿ ಒಂದು ಅಕ್ಕಿಕಾಳಿನ ದಪ್ಪದಷ್ಟು ಒಡ್ಡಿನ ಬುಡ ಮುಂದೆ ಬಂದಿತ್ತು. ಅಲ್ಲಿ ಅಗೆದಾಗ ಒಳಗೊಳಗೇ ನೀರು ಜಿನುಗಿ ಮಣ್ಣು ಅಂಬಲಿಯಾಗಿತ್ತು. ಎಂಟು ದಿನ ಪಂಪು ಹಚ್ಚಿ ನೀರು ತೆಗೆದು, ಕಲ್ಲು ತುಂಬಿಸಿ ಬಿಗಿ ಮಾಡಿದರು. ಕೆಳಗಿನ ತಾಂಡಾದವರಿಗೆ ವಿಷಯ ತಿಳಿದದ್ದು ಆಮೇಲೆ. ಜಿಲ್ಲೆಯ ಪತ್ರಿಕೆಯಲ್ಲಿ ಹುಲಿಗೆಮ್ಮನ ಫೋಟೋ ಬಂತು. ಪಂಪಾಪತಿ ಅದನ್ನು ಆಟೋದ ಗಾಜಿನ ಒಳಗೆ ಅಂಟಿಸಿಕೊಂಡ.

ಮನೆಯೂ ಬದಲಾಯಿತು. ಹೆಂಡತಿ ಮುಂಜಾನೆ ಏಳಕ್ಕೆ ಗುಡ್ಡದ ಬಸ್ಸು ಹತ್ತಬೇಕಾದ್ದರಿಂದ ಪಂಪಾಪತಿ ಅಡುಗೆಮನೆಗೆ ಬಂದ. ಮೊದಲ ವಾರ ಗೊಣಗಿದ. ಎರಡನೆಯ ವಾರದಲ್ಲಿ ಒಂದು ಒಲೆಯಲ್ಲಿ ಅನ್ನ, ಇನ್ನೊಂದರಲ್ಲಿ ಪಲ್ಯ, ಹಂಚಿನ ಮೇಲೆ ರೊಟ್ಟಿ, ಹೆಗಲು ಕಿವಿಯ ನಡುವೆ ಫೋನು, ಬಾಗಿಲಲ್ಲಿ ಮಗ್ಗಿ ಒಪ್ಪಿಸುವ ತುಂಗಾ, ಎಲ್ಲವೂ ಒಟ್ಟಿಗೆ ನಡೆದವು. ಒಂದು ರೊಟ್ಟಿಯೂ ಸೀಯಲಿಲ್ಲ. “ನೀ ಇಷ್ಟ್ ವರ್ಷ ಒಂದೊಂದ ಮಾಡ್ಕೊಂತ ಹೆಂಗ ಅಡಿಗಿ ಮಾಡಿದಿ?” ಎಂದು ಅವನು ನಿಜವಾಗಿಯೂ ತಿಳಿಯದೆ ಕೇಳಿದ. ಅವಳೂ ನಿಜವನ್ನೇ ಹೇಳಿದಳು. “ಬಾಳ ತ್ರಾಸ್ ಆಗ್ತಿತ್ತು.”

ಎರಡು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಕಾವಲು ವಿಭಾಗದ ಮುಖ್ಯಸ್ಥರು ನಿವೃತ್ತರಾದರು. ಚಿತ್ರಶೇಖರ ಹುಲಿಗೆಮ್ಮನನ್ನು ಕರೆಸಿದ. ಅವನು ಮೈಸೂರು ಕಡೆಯವನು, ಮೆಲುಮಾತಿನವನು.

“ಒಂದು ಒಡ್ಡನ್ನ ಇಷ್ಟು ಚೆನ್ನಾಗಿ ನೋಡೋರು ಒಂಬತ್ತನ್ನೂ ನೋಡಿದ್ರೆ ಎಷ್ಟು ಜನಕ್ಕೆ ಒಳ್ಳೇದಾಗುತ್ತೆ ಯೋಚನೆ ಮಾಡಿ. ನಿಮ್ಮನ್ನ ಆ ಗಾಜಿನ ಕೋಣೆಯಲ್ಲೇ ಕೂರಿಸಿದ್ರೆ ನಾವು ನಿಮಗೆ ಅನ್ಯಾಯ ಮಾಡಿದ ಹಾಗೆ.”

“ನನಗ ಅಲ್ಲೇ ಚಲೋ ಐತ್ರಿ.”

“ಅದು ನಿಮ್ಮ ಸಂಕೋಚ. ನಿಮ್ಮ ಹಾಳೆ ನಾನು ನೋಡಿದ್ದೀನಿ. ಇಡೀ ಜಿಲ್ಲೆಯಲ್ಲಿ ಅಂಥದ್ದಿಲ್ಲ.”

ಹಾಳೆಯ ಮೇಲೆ ಇದ್ದದ್ದು ಒಂದೇ ಸಾಲು. ಅವನು ಓದಿದ್ದು ಅಷ್ಟೇ, ಅವಳಿಗೆ ಗೊತ್ತಿದ್ದದ್ದೂ ಅಷ್ಟೇ. ಮುಖ್ಯಸ್ಥರಿಗೆ ಗುಡ್ಡದ ಮೇಲೆ ಬೇರೆ ಮನೆಯಿತ್ತು. ಪಂಪಾಪತಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಅತ್ತೆಯೂ ಮೊದಲ ಸಲ ಸೊಸೆಯನ್ನು ಹೆಸರು ಹಿಡಿದು ಕರೆದಳು. ಇಷ್ಟು ಜನ ಹೇಳುವಾಗ ತನ್ನದೇ ತಪ್ಪಿರಬೇಕೆಂದು ಹುಲಿಗೆಮ್ಮ ಒಪ್ಪಿಕೊಂಡಳು.

ಹೊಸ ಕುರ್ಚಿಯ ಮುಂದೆ ಒಂಬತ್ತು ಪರದೆ, ಮೂರು ಫೋನು. ಯಾರು ಯಾವ ಕೋಣೆಗೆ, ಯಾರಿಗೆ ರಜೆ, ಯಾವ ಒಡ್ಡಿನ ಮೇಲೆ ಕೆಲಸ ನಡೆದಿದೆ ಎಂಬುದೆಲ್ಲ ಅವಳ ತಲೆಗೆ ಬಂತು. ಪಕ್ಕದಲ್ಲೇ ಕೂರುತ್ತಿದ್ದ ಕೊಟ್ರೇಶ ಹತ್ತು ದಿನ ಮುಕ್ಕಾಲು ಪಾಲು ಹೊತ್ತುಕೊಂಡ. ಅವಳಿಗೆ ದಿನದ ಕೊನೆಗೆ ಮೈಯೆಲ್ಲ ಬಡಿದಂತಾಗುತ್ತಿತ್ತು. ಅಭ್ಯಾಸವಾದ ಮೇಲೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದರು.

ಹನ್ನೊಂದನೆಯ ದಿನ ಕೊಟ್ರೇಶ ಅಣ್ಣನ ಮಗಳ ಮದುವೆಗೆಂದು ಕೊಟ್ಟೂರಿಗೆ ಹೋಗಿದ್ದ. ಎರಡನೆಯ ಒಡ್ಡಿನ ಬುಡದಲ್ಲಿ ನಾಲ್ವರು ಆಳುಗಳು ಒಂದು ಆಳೆತ್ತರದ ಕಾಲುವೆಯೊಳಗೆ ಇಳಿದು ಬಸಿನೀರಿನ ಕೊಳವೆ ಜೋಡಿಸುತ್ತಿದ್ದರು. ಮಧ್ಯಾಹ್ನ ಎರಡೂ ಮುಕ್ಕಾಲರ ಹೊತ್ತಿಗೆ ಕೊಳವೆಯಿಂದ ಬರುವ ನೀರು ಕೆಂಪಗಾಯಿತು, ಒಳಗಿನ ಮಣ್ಣು ಕೊಚ್ಚಿ ಬರುತ್ತಿರುವ ಗುರುತು ಅದು. ಅವರಲ್ಲಿ ಹಿರಿಯನಾದ ಗಾದಿಲಿಂಗ ಕೇಂದ್ರಕ್ಕೆ ಫೋನು ಮಾಡಿದ. ಮೇಲೆ ಹತ್ತಬೇಕೋ ಬೇಡವೋ ಎಂದು ಪರದೆ ನೋಡಿ ಹೇಳಬೇಕಾದವರು ಮುಖ್ಯಸ್ಥರು.

ಆ ಹೊತ್ತಿಗೆ ಹುಲಿಗೆಮ್ಮ ಐದನೆಯ ಒಡ್ಡಿನ ಪರದೆ ನೋಡುತ್ತಿದ್ದಳು. ಮೇಲಿನ ಸಾಲಿನ ಒಂದು ಚುಕ್ಕೆ ಸಣ್ಣಗೆ ನಡುಗುತ್ತಿತ್ತು. ನಡುಗಿ ನಿಲ್ಲುವುದು, ಮತ್ತೆ ನಡುಗುವುದು. ಒಡ್ಡಿನ ಚುಕ್ಕೆ ಹಾಗೆ ನಡುಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವಳ ಕಣ್ಣು ಅಲ್ಲಿಗೆ ಹೋಯಿತು, ಮತ್ತೆ ವಾಪಸು ಬರಲಿಲ್ಲ. ಕೈಯಳತೆಯಲ್ಲಿದ್ದ ಫೋನು ಒಂಬತ್ತು ನಿಮಿಷದಲ್ಲಿ ಮೂರು ಸಲ ಬಡಿದುಕೊಂಡಿತು ಎಂದು ಆಮೇಲೆ ದಾಖಲೆಯಲ್ಲಿ ನೋಡಿ ತಿಳಿದುಕೊಂಡಳು. ಪಕ್ಕದ ಕೋಣೆಯವರು ಕೇಳಿಸಿಕೊಂಡರೂ, ಮುಖ್ಯಸ್ಥರು ಕುರ್ಚಿಯಲ್ಲೇ ಇದ್ದಾರಲ್ಲ ಎಂದು ಸುಮ್ಮನಾದರು. ಕೇಂದ್ರದವರು ಏನೂ ಹೇಳಲಿಲ್ಲವೆಂದರೆ ಭಯವಿಲ್ಲ ಎಂದುಕೊಂಡು ಆಳುಗಳು ಕೆಲಸ ಮುಂದುವರಿಸಿದರು. ಕಾಲುವೆಯ ಗೋಡೆ ಕುಸಿಯಿತು. ಮೂವರು ಜಿಗಿದು ಮೇಲೆ ಬಂದರು. ಗಾದಿಲಿಂಗ ಎದೆಮಟ್ಟ ಹೂತುಹೋದ. ಸಂಗಡಿಗರು ಕೈಯಿಂದಲೇ ಮಣ್ಣು ತೋಡಿ ಎಳೆದರು. ಜೀವ ಉಳಿಯಿತು. ಎಡತೊಡೆಯ ಎಲುಬು ಎರಡು ಕಡೆ ಮುರಿದಿತ್ತು.

ಐದನೆಯ ಒಡ್ಡಿಗೆ ಹೋದ ಆಳು ವರದಿ ತಂದ. ಬಿಸಿಲಿಗೆ ಮೈ ಕಾಯಿಸಲು ಒಂದು ಓತಿಕ್ಯಾತ ಗಾಜಿನ ಗೂಟವನ್ನೇರಿ ಕೂತು ತಲೆ ಆಡಿಸುತ್ತಿತ್ತು.

ಮಾರನೆಯ ದಿನ ಚಿತ್ರಶೇಖರ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ. ಅವನ ಮುಖವೂ ಬಾಡಿತ್ತು. “ಎರಡನೇ ಒಡ್ಡಿನ ಲೈನು ಹೋದ ತಿಂಗಳು ಎರಡು ಸಲ ಕೆಟ್ಟಿತ್ತು. ದಾಖಲೆ ಇದೆ. ನಿನ್ನೆಯೂ ಆಗಿರಬಹುದು. ವಿಚಾರಣೆಯಲ್ಲಿ ಫೋನು ಬರಲಿಲ್ಲ ಅಂತ ಹೇಳಿ. ನಾನು ಇಲ್ಲ ಅನ್ನಲ್ಲ.”

“ಮೂರು ಸಲ ಬಂದೈತ್ರಿ.”

“ನಿಮಗೆ ಕೇಳಿಸ್ತಾ?”

“ಇಲ್ಲ.”

“ಹಾಗಾದ್ರೆ ಸುಳ್ಳೇನೂ ಅಲ್ವಲ್ಲ.”

ಹುಲಿಗೆಮ್ಮ ಎದ್ದು ಹೊರಗೆ ಬಂದಳು. ಅಲ್ಲಿಂದ ಬಸ್ಸು ಹಿಡಿದು ನೇರವಾಗಿ ಬಲಮಾಪನ ಕೇಂದ್ರಕ್ಕೆ ಹೋದಳು. ಖಾಜಾಬನಿ ಗುರುತು ಹಿಡಿದು ಕುರ್ಚಿ ಎಳೆದುಕೊಟ್ಟಳು.

“ನನ್ನ ಪೂರಾ ಹಾಳಿ ಬೇಕ್ರಿ. ಅರವತ್ನಾಲ್ಕೂ.”

“ಕೊಡಂಗಿಲ್ಲ ಅಂತ ನಿಯಮ ಐತಿ.” ಖಾಜಾಬನಿ ನಿಯಮದ ಪುಸ್ತಕ ತೆರೆದಳು. “ಅದರ ಕೆಳಗ ಇನ್ನೊಂದು ಸಾಲೂ ಐತಿ. ಅಳತಿ ಯಾರದೋ ಅವರ ಬರದು ಕೇಳಿದ್ರ ಕೊಡಬೇಕು. ಇಷ್ಟ್ ವರ್ಷದಾಗ ಯಾರೂ ಕೇಳಿಲ್ಲ. ಒಳ್ಳೇದೊಂದು ಸಿಕ್ಕ ಮ್ಯಾಲೆ ಉಳದದ್ದು ಯಾರಿಗೆ ಬೇಕು?”

ಹುಲಿಗೆಮ್ಮ ಬರೆದುಕೊಟ್ಟಳು. ಉದ್ದನೆಯ ಹಾಳೆ ಹೊರಬಂತು. ಅವಳು ಮೇಲಿನಿಂದ ಒಂದೊಂದೇ ಸಾಲು ಓದಿಕೊಂಡು ಹೋದಳು. ನಡುವಿನವೆಲ್ಲ ಹತ್ತು ಜನರ ಹಾಗೆಯೇ ಇದ್ದವು. ಅರವತ್ತನಾಲ್ಕನೆಯ ಸಾಲಿನಲ್ಲಿ ‘ಗಮನ ಹೊರಳಿಸುವಿಕೆ: ಸಾವಿರದಲ್ಲಿ ಮೂರನೆಯ ಸ್ಥಾನ, ಕೆಳಗಿನಿಂದ’ ಎಂದಿತ್ತು.

“ಇದನ್ನ ಕಲಿಯಾಕ ಬರ್ತೈತೇನ್ರಿ?”

“ಚೂರು ಬರಬಹುದು. ಬಾಳ ಇಲ್ಲ. ಬಂದ್ರ ಮೊದಲನೇ ಸಾಲು ಹೋಗ್ತೈತಿ.” ಖಾಜಾಬನಿ ಮುಂದೆ ಬಾಗಿದಳು. “ತಲಿಯೊಳಗ ಒಂದು ಕದ ಐತಿ ಅನ್ಕೋರಿ. ನಮ್ಮಂಥವರದು ಗಾಳಿ ಬಂದಂಗ ತೆರಕೊಂತ ಮುಚ್ಕೊಂತ ಇರ್ತೈತಿ. ಅದಕ್ಕ ನಮಗ ಇಪ್ಪತ್ ನಿಮಿಷ ಆದ ಕೂಡ್ಲೆ ಬ್ಯಾರೆ ವಿಚಾರ ಹೊಗತಾವ. ಅದಕ್ಕ ಫೋನೂ ಕೇಳಸ್ತೈತಿ. ನಿಮ್ಮ ಕದ ಒಮ್ಮೆ ಹಾಕಿತಂದ್ರ ಹಾಕಿತು. ಎರಡೂ ಒಂದ ಕದ. ಒಂದನ್ನ ಇಟ್ಕೊಂಡು ಒಂದನ್ನ ಬಿಡಾಕ ಬರಂಗಿಲ್ಲ.”

ಹುಲಿಗೆಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡಳು.

ಗುಡ್ಡದ ಮೇಲಿನ ಹೊಸ ಮನೆಯಲ್ಲಿ ಪಂಪಾಪತಿ ಉಳ್ಳಾಗಡ್ಡೆ ಹೆಚ್ಚುತ್ತಿದ್ದ. ಹದಿಮೂರರ ತುಂಗಾ ನೆಲದ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಹುಲಿಗೆಮ್ಮ ಸಾಹೇಬ ಅಂದದ್ದನ್ನೆಲ್ಲ ಹೇಳಿ, ಹಾಳೆಯನ್ನು ಗಂಡನ ಮುಂದೆ ಬಿಚ್ಚಿಟ್ಟು, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಅವನು ಓದಿದ. ಅವಳು ನಿಂತುಕೊಂಡೇ ಹೇಳಿದಳು. “ತುಂಗಾನ ಮ್ಯಾಲೆ ನೀರು ಬಿದ್ದ ದಿನ ನಾ ಕಟ್ಟಿಗಿ ತರಾಕ ಹೋಗಿರಲಿಲ್ಲ. ಅಲ್ಲೇ ಬ್ಯಾಳಿ ಆರಸಾಕತ್ತಿದ್ದೆ. ನನಗ ಕೇಳಿಸಲಿಲ್ಲ.”

ಪಂಪಾಪತಿಯ ಕೈ ನಿಂತಿತು. ಉತ್ತರ ಬಂದದ್ದು ನೆಲದ ಕಡೆಯಿಂದ.

“ನನಗ ಗೊತ್ತೈತಿ,” ಅಂದಳು ತುಂಗಾ. “ಅಜ್ಜಿ ಹೇಳಿದ್ಲು. ನೀ ಅಲ್ಲೇ ಕುಂತಿದ್ದಿ, ಕಟ್ಟಿಗಿ ಒಲಿ ಬಾಜೂನ ಇತ್ತು ಅಂತ.”

“ಮತ್ತ ನನ್ನ ಯಾಕ ಕೇಳಲಿಲ್ಲ?”

“ಕೇಳಿದ್ರ ಏನ್ ಹೇಳ್ತಿದ್ದಿ? ನಿನಗೂ ಗೊತ್ತಿರಲಿಲ್ಲಲ್ಲ.”

ಹುಲಿಗೆಮ್ಮ ಗೋಡೆಗೊರಗಿ ಕೂತಳು. ಅಳು ಬರಲಿಲ್ಲ. ಹತ್ತು ವರ್ಷ ಎತ್ತಿ ಹಿಡಿದಿದ್ದ ಕೊಡವನ್ನು ಯಾರೋ ಸುಮ್ಮನೆ ಕೈಯಿಂದ ತೆಗೆದುಕೊಂಡ ಹಾಗಾಯಿತು. ತುಂಗಾ ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಉಳಿದ ಉಳ್ಳಾಗಡ್ಡೆ ಹೆಚ್ಚಿ ಮುಗಿಸಿ ಪಂಪಾಪತಿ, “ನಾಳೆ ವಿಚಾರಣಿಯಾಗ ಏನ್ ಹೇಳಾಕಿ?” ಎಂದ.

“ಇದನ್ನ ಕೊಡಾಕಿ.”

“ಆ ಸಾಹೇಬ ಬಚಾವ್ ಮಾಡ್ತೀನಿ ಅಂದಾನಲ್ಲ.”

“ಮಾಡ್ತಾನ. ಮಾಡಿ ಮತ್ತ ಅದ ಕುರ್ಚಿಮ್ಯಾಲೆ ಕೂಡ್ರಸ್ತಾನ. ಮುಂದಿನ ಸಲ ಒಬ್ಬನಿಗೇ ಮುಗಿಯಂಗಿಲ್ಲ.”

“ಈ ಗುಡ್ಡದ ಮನಿ ಬಿಡಬೇಕಾಗ್ತೈತಿ.”

“ಬಿಡಬೇಕು.”

ಅವನು ಒಗ್ಗರಣೆ ಹಾಕಿದ. ಸಾಸಿವೆ ಸಿಡಿದು ಮುಗಿದ ಮೇಲೆ, “ಇಲ್ಲಿ ನೀರು ಚಲೋ ಬರ್ತಿತ್ತು,” ಎಂದಷ್ಟೇ ಅಂದ.

ವಿಚಾರಣೆಗೆ ಮೂವರು ಬಂದಿದ್ದರು. ಹುಲಿಗೆಮ್ಮ ಹಾಳೆಯನ್ನು ಅವರ ಮೇಜಿನ ಮೇಲಿಟ್ಟಳು. “ಫೋನ್ ಕೆಟ್ಟಿರಲಿಲ್ರಿ. ಬಡಕೊಂತು. ನನಗ ಕೇಳಿಸಲಿಲ್ಲ. ಯಾಕ ಕೇಳಿಸಲಿಲ್ಲ ಅನ್ನೋದು ಕೊನೀ ಸಾಲಿನಾಗೈತಿ.”

ಮೂಲೆಯಲ್ಲಿ ಕೂತಿದ್ದ ಚಿತ್ರಶೇಖರ ನೆಲ ನೋಡುತ್ತಿದ್ದ. ಮೂವರಲ್ಲಿ ಹಿರಿಯರಾದ ಹೆಂಗಸು ಹಾಳೆಯನ್ನು ಎರಡು ಸಲ ಓದಿದರು. “ಇದನ್ನ ನಮಗೆ ಕೊಡಬೇಕಾದ ಅಗತ್ಯ ನಿಮಗಿರಲಿಲ್ಲ. ಕೊಟ್ಟ ಮೇಲೆ ನಾವು ಬರೆದುಕೊಳ್ಳಲೇಬೇಕು, ಗೊತ್ತಲ್ಲ?”

“ಬರಕೋರಿ. ನನ್ನನ್ನ ಪೂರಾ ತೆಗದ್ರೂ ತೆಗೀರಿ. ಇಟ್ಕೊಳ್ಳೂದಾದ್ರ ಒಂದ ಪರದೆ ಕೊಡ್ರಿ. ಫೋನ್ ಬ್ಯಾಡ. ಆ ಕುರ್ಚಿಗೆ ಕೊಟ್ರೇಶನ್ನ ಕೂಡ್ರಸ್ರಿ.”

ಅವರು ಕಡತ ತಿರುವಿದರು. “ಕೊಟ್ರೇಶನ ಹಾಳೆಯಲ್ಲಿ ಪ್ರಧಾನ ಬಲ ‘ಸ್ವರದ ನೆನಪು’ ಅಂತಿದೆ. ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ?”

“ಆತನ ಹಾಳಿ ಬಿಡ್ರಿ. ಬಾಜೂಕ ಒಂದಿನ ಕುಂತು ಆತನ್ನ ನೋಡ್ರಿ.”

ಅವಳನ್ನು ಮೂರು ತಿಂಗಳು ಕೆಲಸದಿಂದ ದೂರ ಇಟ್ಟರು. ಚಿತ್ರಶೇಖರ ತಾನಾಗಿಯೇ ಬೇರೆ ಕಡೆಗೆ ವರ್ಗ ಕೇಳಿಕೊಂಡು ಹೋದ. ಹೋಗುವ ಮುಂಚೆ ಮನೆಗೆ ಬಂದು, “ನಾನು ಒಂದು ಸಾಲು ಓದಿ ನಿಮ್ಮನ್ನ ಪೂರ್ತಿ ಓದಿದ್ದೀನಿ ಅಂದ್ಕೊಂಡೆ,” ಎಂದ. ಪಂಪಾಪತಿ ಅವನಿಗೆ ಊಟ ಹಾಕಿ ಕಳಿಸಿದ.

ಆ ಮೂರು ತಿಂಗಳಲ್ಲಿ ಒಂದು ದಿನ ಹುಲಿಗೆಮ್ಮ ಆಸ್ಪತ್ರೆಗೆ ಹೋದಳು. ಗಾದಿಲಿಂಗನ ಕಾಲನ್ನು ತೂಗುಹಾಕಿದ್ದರು. ಹೆಂಡತಿ ಈರಮ್ಮ ಪಕ್ಕದಲ್ಲಿ ಕೂತಿದ್ದಳು.

“ಫೋನ್ ಎತ್ತಬೇಕಾಗಿದ್ದಾಕಿ ನಾನ,” ಅಂದಳು ಹುಲಿಗೆಮ್ಮ. “ಹೇಳಬೇಕಂತ ಬಂದೆ.”

“ಹೇಳಿದ್ರಿ. ಇನ್ನ ಹೋಗ್ರಿ,” ಅಂದಳು ಈರಮ್ಮ, ದನಿ ಏರಿಸದೆ.

ಹುಲಿಗೆಮ್ಮ ತಿರುಗಿದಾಗ ಗಾದಿಲಿಂಗ ಕೇಳಿದ. “ಆ ಹೊತ್ತಿನಾಗ ಏನ್ ನೋಡಾಕತ್ತಿದ್ರಿ?”

“ಬ್ಯಾರೆ ಒಡ್ಡಿನ ಮ್ಯಾಲೆ ಒಂದು ಚುಕ್ಕಿ ನಡಗತಿತ್ತು. ಓತಿಕ್ಯಾತ ಕುಂತಿತ್ತಂತ.”

“ಓತಿಕ್ಯಾತ,” ಎಂದ ಗಾದಿಲಿಂಗ. ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಮೆಟ್ಟಿಲಿಳಿದು ಬಂದು ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದಳು.

ಮತ್ತೆ ಕೆಲಸಕ್ಕೆ ಸೇರಿದಾಗ ಅವಳಿಗೆ ಸಿಕ್ಕದ್ದು ಎರಡನೆಯ ಒಡ್ಡಿನ ಪರದೆ. ಯಾರೂ ಬೇಕೆಂದು ಕೊಟ್ಟದ್ದಲ್ಲ, ಅಲ್ಲಿ ಕೂತಿದ್ದವರು ಹೆರಿಗೆ ರಜೆಯಲ್ಲಿದ್ದರು. ಮುಖ್ಯಸ್ಥನ ಕುರ್ಚಿಯಲ್ಲಿ ಕೊಟ್ರೇಶನಿದ್ದ. ಆರು ತಿಂಗಳ ಮಟ್ಟಿಗೆಂದು ಕೂರಿಸಿದ್ದರು, ಆಮೇಲೆ ಯಾರೂ ಎಬ್ಬಿಸುವ ಮಾತಾಡಲಿಲ್ಲ. ಅವನ ಮೂ​ರು ಫೋನುಗಳ ಸದ್ದು ಗಾಜಿನ ಆಚೆಯೇ ಉಳಿಯುತ್ತಿತ್ತು. ಕಾವಲಿಗೆ ಬರುವವರ ಉದ್ದನೆಯ ಹಾಳೆಯನ್ನು, ಅವರು ಒಪ್ಪಿದರೆ, ಕೇಂದ್ರ ತರಿಸಿಕೊಳ್ಳತೊಡಗಿತು. ಒಪ್ಪಿದವರು ಕಡಿಮೆ. ಆದರೂ ನಾಲ್ಕೈದು ಜನ ಒಪ್ಪಿದರು.

ಹಿಂಗಾರು ಮುಗಿದ ಮೇಲೆ ಎರಡನೆಯ ಒಡ್ಡಿನ ಅರ್ಧ ಉಳಿದ ಕಾಲುವೆಯನ್ನು ಮತ್ತೆ ತೋಡಲು ಶುರುಮಾಡಿದರು. ಆ ದಿನ ಹುಲಿಗೆಮ್ಮ ಮುಂಜಾನೆ ಒಂಬತ್ತಕ್ಕೆ ಕೂತಳು. ಚುಕ್ಕೆಗಳು ಬಿಸಿಲಿನೊಂದಿಗೆ ಮೆಲ್ಲಗೆ ಹೊರಬಂದವು. ಕೆಳಸಾಲು, ನಡುಸಾಲು, ಮೇಲ್ಸಾಲು. ಎರಡು ಗಂಟೆಯಲ್ಲಿ ಏನೂ ಆಗಲಿಲ್ಲ. ಬದಲಿ ಕಾವಲುಗಾರ್ತಿ ಬಂದು ಭುಜ ಮುಟ್ಟಿದಾಗ ಎದ್ದು ಹೊರಗೆ ಬಂದಳು. ಕೊಟ್ರೇಶ ಟೀ ಕೊಟ್ಟು ಎದುರಿಗೆ ಕೂತ.

“ಮುಂಜಾನಿ ಗಾದಿಲಿಂಗ ಫೋನ್ ಮಾಡಿದ್ದ,” ಅಂದ. “ಕಾಲು ಎಳದು ನಡಿತಾನ, ಆದರೂ ಬಂದಾನ. ಇಳಿಯೋಕಿಂತ ಮದ್ಲ, ಪರದೆ ಮುಂದ ಯಾರು ಕುಂತಾರ ಅಂದ. ನಿಮ್ಮ ಹೆಸರು ಹೇಳಿದೆ.”

ಹುಲಿಗೆಮ್ಮ ಲೋಟ ಕೆಳಗಿಟ್ಟಳು.

“ಬ್ಯಾರೆಯವರನ್ನ ಕೂಡ್ರಸ್ಲೇನು ಅಂತ ನಾನ ಕೇಳಿದೆ. ಅದಕ್ಕ, ಆಕಿ ಮುಂದ ಫೋನ್ ಐತೇನು ಅಂದ. ಇಲ್ಲ, ಫೋನ್ ನನ್ನ ಹತ್ರ ಅಂದೆ. ಪರದೆ ಎಷ್ಟು ಅಂದ. ಒಂದ, ನಿಮ್ಮ ಒಡ್ಡಿಂದ ಅಂದೆ.”

“ಏನಂದ?”

“ಇಳಿತೀವಿ ಅಂದ. ನಾಕೂ ಮಂದಿ ಇಳಿದ್ರು. ಈಗ ಹತ್ತ್ಯಾರ, ದಂಡಿಮ್ಯಾಲೆ ಕುಂತಾರ.”

“ಕೆಲಸ ಮುಗೀತೇನು?”

“ಎಲ್ಲಿ ಮುಗೀತು, ಅರ್ಧಾನೂ ಆಗಿಲ್ಲ. ಬದಲಿಯಾಕಿ ಕುಂತಾಳ, ಇಳೀರಿ ಅಂತ ಹೇಳಿದೆ. ಒಲ್ಲೆ ಅಂದ. ನಿಮ್ಮ ಟೀ ಮುಗೀಲಿ ಅಂತ ಕುಂತಾರ.”

ಹುಲಿಗೆಮ್ಮ ಎದ್ದು ನಿಂತಳು. ಲೋಟದಲ್ಲಿ ಇನ್ನೂ ಅರ್ಧ ಇತ್ತು.

“ಕುಂತು ಕುಡೀರಿ,” ಅಂದ ಕೊಟ್ರೇಶ. “ಅವಸರ ಮಾಡಬ್ಯಾಡಂತ ಹೇಳು ಅಂತ ಹೇಳ್ಯಾನ.”

ಅವಳು ಕೂತಳು. ಕಿಟಕಿಯಾಚೆ ಎರಡನೆಯ ಒಡ್ಡಿನ ನೆತ್ತಿ ಅಷ್ಟೇ ಕಾಣುತ್ತಿತ್ತು, ಜನ ಕಾಣುತ್ತಿರಲಿಲ್ಲ. ಟೀಯನ್ನು ತಳದವರೆಗೆ ಕುಡಿದಳು. ಆಮೇಲೆ ಕಣ್ಣಿಗೆ ತಣ್ಣೀರು ಹಾಕಿ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ಒಳಗೆ ಹೋಗಿ ಗಾಜಿನ ಬಾಗಿಲು ಹಾಕಿಕೊಂಡಳು. ಹೊರಗೆ ಕೊಟ್ರೇಶ ಫೋನು ಎತ್ತಿಕೊಂಡ.